ಹಜ್ಜಿನ ದುಡ್ಡು ಮತ್ತು ಒಂದು ನಾಡಿನ ಏಳಿಗೆ: ಮಲೇಷ್ಯಾದ ಅನುಭವ

ಹಜ್ಜಿಗೆ ಹೋಗಿ ಬಂದ ನಮ್ಮ ಹಿರಿಯರು ಮಕ್ಕಾದ ಮಾತು ತೆಗೆದಾಗ ಮಲೇಷ್ಯಾದವರ ಪ್ರಸ್ತಾಪ ಒಮ್ಮೆಯಾದರೂ ಬರುತ್ತದೆ. ಅವರ ಗುಂಪುಗಳ ಶಿಸ್ತು, ಊರಲ್ಲೇ ತರಬೇತಿ ಮುಗಿಸಿ ಬಂದಿರುವ ರೀತಿ, ಮುದುಕರನ್ನು ನೋಡಿಕೊಳ್ಳುವ ವ್ಯವಸ್ಥೆ ಎಲ್ಲವನ್ನೂ ಮೆಚ್ಚಿ ಹೇಳುತ್ತಾರೆ. ಕೇಳಿದವರು, "ಅದು ದುಡ್ಡಿರುವ ದೇಶ, ಅವರಿಗೆ ಆಗುತ್ತದೆ" ಎಂದು ಮಾತು ಮುಗಿಸುತ್ತಾರೆ.

ಆದರೆ ಅದು ಮೊದಲಿನಿಂದಲೂ ದುಡ್ಡಿದ್ದವರ ದೇಶವಲ್ಲ. 1957ರ ಆಗಸ್ಟ್ 31ರಂದು ಮಲಯ ದೇಶಕ್ಕೆ ಸ್ವಾತಂತ್ರ್ಯ ಸಿಕ್ಕಿತು. ಆ ಕಾಲದಲ್ಲಿ ಅಲ್ಲಿ ಹುಟ್ಟುತ್ತಿದ್ದ ಪ್ರತಿ ಸಾವಿರ ಶಿಶುಗಳಲ್ಲಿ ಸುಮಾರು 75 ಶಿಶುಗಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 1970ರಲ್ಲಿ ಕೂಡ ಮಲಯ ಪರ್ಯಾಯ ದ್ವೀಪದ ಹತ್ತಿರ ಹತ್ತಿರ ಅರ್ಧದಷ್ಟು ಕುಟುಂಬಗಳು, ಅಂದರೆ ಶೇ. 49ರಷ್ಟು, ಬಡತನದ ರೇಖೆಯ ಕೆಳಗಿದ್ದವು. 1990ರ ಹೊತ್ತಿಗೆ ಇದು ಶೇ. 17ರ ಆಸುಪಾಸಿಗೆ ಇಳಿಯಿತು. ಒಂದೇ ತಲೆಮಾರಿನಲ್ಲಿ ಆದ ಬದಲಾವಣೆ ಇದು.

ಇದು ಹೇಗಾಯಿತು ಎನ್ನುವುದಕ್ಕೆ ತವರ, ರಬ್ಬರ್, ತೈಲ, ವಿದೇಶಿ ಕಂಪೆನಿ ಎಂದು ಹಲವು ಉತ್ತರಗಳಿವೆ. ಎಲ್ಲವೂ ನಿಜವೇ. ಆದರೆ ನಮ್ಮಂಥ ಕುಟುಂಬಗಳು ಗಮನಿಸಬೇಕಾದ ಒಂದು ಎಳೆ ಇದರ ನಡುವೆ ಇದೆ. ಅದು ಹಳ್ಳಿಯ ಬಡವನ ಹಜ್ಜಿನ ದುಡ್ಡಿನ ಕಥೆ.

ಒಂದೇ ಕಡಲಿನ ಎರಡು ದಡ

ಮೊದಲು ಆ ಜನರ ಪರಿಚಯ. ಮಲಯ ಜನ ನಮ್ಮಂತೆಯೇ ಶಾಫಿಈ ಮದ್‌ಹಬಿನವರು. ಪೊನ್ನಾನಿಯ ಝೈನುದ್ದೀನ್ ಮಖ್ದೂಮರು ಬರೆದ ‘ಫತ್‌ಹುಲ್ ಮುಈನ್’ ನಮ್ಮ ದರ್ಸುಗಳಲ್ಲಿ ಓದಿಸುವ ಕಿತಾಬು. ಅದೇ ಕಿತಾಬನ್ನು ಮಲಯ ನಾಡಿನ ‘ಪೊಂಡೋಕ್’ ಎಂಬ ಹಳ್ಳಿ ದರ್ಸುಗಳಲ್ಲಿಯೂ ಓದಿಸುತ್ತ ಬಂದಿದ್ದಾರೆ. ಅರಬಿ ಅಕ್ಷರಗಳಲ್ಲಿ ಮಲಯಾಳ ಬರೆಯುವ ಅರಬಿ-ಮಲಯಾಳದ ಹಾಗೆ ಅವರಿಗೆ ಅರಬಿ ಅಕ್ಷರಗಳಲ್ಲಿ ಮಲಯ ಭಾಷೆ ಬರೆಯುವ ‘ಜಾವಿ’ ಲಿಪಿ ಇದೆ. ಹಡಗಿಗೆ ಈ ದಡದಲ್ಲಿ ‘ಕಪ್ಪಲ್’ ಎಂದರೆ ಅವರು ‘ಕಪಾಲ್’ ಎನ್ನುತ್ತಾರೆ. ತಮಿಳು, ಮಲಬಾರ್ ಕರಾವಳಿಯ ಮುಸ್ಲಿಂ ವರ್ತಕರು ಶತಮಾನಗಳಿಂದ ಅಲ್ಲಿಗೆ ಹೋಗಿ ಬರುತ್ತಿದ್ದರು. ಪೆನಾಂಗಿನ ಕಪಿತಾನ್ ಕೆಲಿಂಗ್ ಮಸೀದಿ 1801ರಲ್ಲಿ ಭಾರತದಿಂದ ಹೋದ ಮುಸ್ಲಿಂ ವ್ಯಾಪಾರಿಗಳಿಂದ ಆರಂಭವಾದದ್ದು.

ಬ್ರಿಟಿಷರ ಕಾಲದಲ್ಲಿ ಆ ನಾಡು ಜನಾಂಗದ ಲೆಕ್ಕದಲ್ಲಿ ಕೆಲಸ ಹಂಚಿಕೊಂಡಿತು. ಪೆರಾಕ್, ಸೆಲಂಗೋರ್ ಕಡೆಯ ತವರದ ಗಣಿಗಳಿಗೆ ಚೀನಾದಿಂದ ಕೂಲಿಗಳು ಬಂದರು. ಕೌಲಾಲಂಪುರ ಕೂಡ ಎರಡು ಹೊಳೆಗಳು ಸೇರುವ ಕೆಸರು ಜಾಗದಲ್ಲಿ ತವರದ ವ್ಯಾಪಾರಕ್ಕಾಗಿ ಹುಟ್ಟಿದ ಪೇಟೆ. ಹೆಸರಿನ ಅರ್ಥವೇ ‘ಕೆಸರಿನ ಸಂಗಮ’. 1877ರಲ್ಲಿ ಲಂಡನ್ನಿನ ಕ್ಯೂ ತೋಟದಿಂದ ಬಂದ ರಬ್ಬರ್ ಸಸಿಗಳು ಮುಂದೆ ಇಡೀ ದೇಶವನ್ನು ಆವರಿಸಿದವು. ಆ ತೋಟಗಳ ಟ್ಯಾಪಿಂಗ್ ಕೆಲಸಕ್ಕೆ ತಮಿಳುನಾಡಿನ ಬಡವರನ್ನು ಕಂಗಾಣಿಗಳು ಹಡಗು ಹತ್ತಿಸಿದರು. ಮಲಯ ಜನ ಮಾತ್ರ ಹಳ್ಳಿಗಳಲ್ಲಿ ಗದ್ದೆ, ಮೀನುಗಾರಿಕೆ, ಸಣ್ಣ ರಬ್ಬರ್ ತೋಟ ಎಂದು ಉಳಿದುಕೊಂಡರು. ಗಣಿ ಮತ್ತು ದೊಡ್ಡ ತೋಟಗಳ ಲಾಭ ಲಂಡನ್ನಿಗೆ ಹೋಗುತ್ತಿತ್ತು, ಪೇಟೆಯ ವ್ಯಾಪಾರ ಚೀನೀಯರ ಕೈಯಲ್ಲಿತ್ತು.

ದಿಂಬಿನ ಕೆಳಗಿನ ದುಡ್ಡು

ಈ ಬಡ ಹಳ್ಳಿಗರಿಗೆ ಜೀವನದಲ್ಲಿ ಒಂದು ದೊಡ್ಡ ಆಸೆ ಇತ್ತು: ಹಜ್. ಅದಕ್ಕಾಗಿ ವರ್ಷಗಟ್ಟಲೆ ದುಡ್ಡು ಕೂಡಿಸುತ್ತಿದ್ದರು. ಬ್ಯಾಂಕಿಗೆ ಹಾಕುತ್ತಿರಲಿಲ್ಲ, ಏಕೆಂದರೆ ಬಡ್ಡಿ ಸೇರಿದ ದುಡ್ಡಿನಲ್ಲಿ ಮಾಡಿದ ಹಜ್ ಕಬೂಲಾಗುತ್ತದೆಯೇ ಎಂಬ ಭಯ. ಹಾಗಾಗಿ ನೋಟುಗಳು ದಿಂಬಿನಲ್ಲಿ, ಪೆಟ್ಟಿಗೆಯಲ್ಲಿ, ಮಣ್ಣಿನ ಪಾತ್ರೆಯಲ್ಲಿ ಕೂತಿರುತ್ತಿದ್ದವು. ಗೆದ್ದಲು, ಕಳ್ಳ, ಬೆಂಕಿ ಯಾವುದರಿಂದಲೂ ಅವಕ್ಕೆ ರಕ್ಷಣೆ ಇರಲಿಲ್ಲ. ಕೂಡಿಟ್ಟದ್ದು ಸಾಲದೆ ಬಂದಾಗ ಗದ್ದೆ, ತೋಟ, ಎಮ್ಮೆ ಮಾರುತ್ತಿದ್ದರು. ಪೆನಾಂಗಿನಿಂದ ಹಡಗು ಹತ್ತಿ ಜಿದ್ದಾಕ್ಕೆ ಹೋಗಿ, ತಿಂಗಳುಗಳ ನಂತರ ಹಾಜಿಯಾಗಿ ಊರಿಗೆ ಮರಳುವಾಗ ಉಳುಮೆಗೆ ಭೂಮಿಯೇ ಇರುತ್ತಿರಲಿಲ್ಲ. ಗೌರವ ಹೆಚ್ಚಿತು, ಹೊಟ್ಟೆಪಾಡು ಹೋಯಿತು.

ನಮ್ಮ ಕಡೆಯಲ್ಲಿ ಮುಂಬೈಯಿಂದ ಹಡಗು ಹತ್ತಿದ ಕಾಲದವರ ಕಥೆ ಕೇಳಿದವರಿಗೆ ಇದು ಹೊಸತೇನಲ್ಲ.

ಇದನ್ನು ಅರ್ಥಶಾಸ್ತ್ರದ ಕಣ್ಣಿನಲ್ಲಿ ನೋಡಿದವರು ಉಂಕು ಅಬ್ದುಲ್ ಅಝೀಝ್. 1922ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ, ಜೋಹೋರ್ ರಾಜಮನೆತನದ ಸಂಬಂಧಿಕರಾದ ಇವರು ಮಲಯ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರು. ಮುಂದೆ 1968ರಿಂದ 1988ರವರೆಗೆ ಅದೇ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ದೊಡ್ಡ ಮನೆತನದವರಾದರೂ ಅವರ ಇಡೀ ಬದುಕಿನ ವಿಷಯ ಹಳ್ಳಿಯ ಬಡತನ.

ಬಡತನ ಅಳೆಯಲು ಅವರು ಮಾಡಿದ ಒಂದು ಲೆಕ್ಕ ಪ್ರಸಿದ್ಧ. ಅದರ ಹೆಸರೇ ‘ಸರೋಂಗ್ ಸೂಚ್ಯಂಕ’. ಸರೋಂಗ್ ಎಂದರೆ ನಮ್ಮ ಲುಂಗಿಯಂಥದೇ ಬಟ್ಟೆ. ಮಲಯ ಮನೆಯಲ್ಲಿ ಅದನ್ನು ಉಡುತ್ತಾರೆ, ಹೊದೆಯುತ್ತಾರೆ, ಉಟ್ಟು ನಮಾಝ್ ಮಾಡುತ್ತಾರೆ, ಮಗುವಿಗೆ ತೊಟ್ಟಿಲು ಕಟ್ಟುತ್ತಾರೆ. ಹಳ್ಳಿಯ ಮನೆಗೆ ಹೋಗಿ "ನಿಮ್ಮ ಆದಾಯವೆಷ್ಟು?" ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಒಂದು ವರ್ಷ ದಾಟಿದವರು ಎಷ್ಟು ಮಂದಿ, ಮನೆಯಲ್ಲಿ ಸರೋಂಗ್ ಎಷ್ಟಿವೆ ಎಂದು ಎಣಿಸಿ ಭಾಗಿಸಿದರೆ ಸಾಕು. ತಲೆಗೆ ಒಂದಕ್ಕಿಂತ ಹೆಚ್ಚಿಲ್ಲವೆಂದರೆ ಆ ಮನೆ ಬಡತನದಲ್ಲಿದೆ. ಇದನ್ನು ಕೇಳಿ ಕೆಲವರು ನಕ್ಕರೂ ಲೆಕ್ಕ ಸರಿಯಾಗಿಯೇ ಇತ್ತು.

ಹಳ್ಳಿಗರು ಸೋಮಾರಿಗಳು, ಧರ್ಮದ ಗುಂಗಿನಲ್ಲಿ ದುಡ್ಡು ಹಾಳುಮಾಡುತ್ತಾರೆ ಎಂದು ಆ ಕಾಲದಲ್ಲಿ ಹೇಳುವವರಿದ್ದರು. ಉಂಕು ಅಝೀಝ್ ಅದನ್ನು ಒಪ್ಪಲಿಲ್ಲ. ಬಡತನಕ್ಕೆ ಅವರು ಕಂಡ ಕಾರಣಗಳು ಮೂರು: ಕಡಿಮೆ ಉತ್ಪಾದನೆ, ದಲ್ಲಾಳಿಗಳ ಶೋಷಣೆ, ಸರಕಾರದ ಉಪೇಕ್ಷೆ. ಮಳೆಗಾಲದಲ್ಲಿ ಸಾಲ ಕೊಟ್ಟು ಬೆಳೆ ಬರುವ ಮೊದಲೇ ಅಗ್ಗದ ಬೆಲೆಗೆ ಭತ್ತ ಮಾತಾಡಿಕೊಳ್ಳುವ ಪದ್ಧತಿ ಅಲ್ಲಿಯೂ ಇತ್ತು. ಹಜ್ಜಿಗಾಗಿ ಕೂಡಿಡುವ ರೈತನಲ್ಲಿ ಅವರು ಕಂಡದ್ದು ಉಳಿತಾಯದ ಗುಣ. ಕೂಡಿಟ್ಟ ದುಡ್ಡು ಅವನಿಗಾಗಿ ದುಡಿಯುವ ದಾರಿ ಇಲ್ಲದಿರುವುದೇ ಕೊರತೆ.

1,281 ಮಂದಿ, 46,600 ರಿಂಗಿಟ್

1959ರಲ್ಲಿ ಅವರು ಹಜ್ಜಿಗೆ ಹೋಗುವವರ ಆರ್ಥಿಕ ಸ್ಥಿತಿ ಸುಧಾರಿಸುವ ಯೋಜನೆಯೊಂದನ್ನು ಬರೆದು ಸರಕಾರಕ್ಕೆ ಕೊಟ್ಟರು. ಯೋಜನೆ ಸರಳ. ಹಳ್ಳಿಗರು ತಮ್ಮ ಕೈಲಾದಷ್ಟು ದುಡ್ಡು ಒಂದು ಸಂಸ್ಥೆಯಲ್ಲಿ ಇಡುವುದು. ಸಂಸ್ಥೆ ಆ ದುಡ್ಡನ್ನು ಬಡ್ಡಿಗೆ ಕೊಡದೆ, ಹಲಾಲ್ ವ್ಯವಹಾರಗಳಲ್ಲಿ, ತೋಟ, ಕಟ್ಟಡ, ಉದ್ಯಮಗಳಲ್ಲಿ ಹೂಡುವುದು. ಬಂದ ಲಾಭದಲ್ಲಿ ಝಕಾತ್ ಕಳೆದು ಉಳಿದದ್ದನ್ನು ಠೇವಣಿದಾರರಿಗೆ ಹಂಚುವುದು. ದುಡ್ಡು ಸಾಕಷ್ಟು ಆದಾಗ ಹಜ್. ಗದ್ದೆ ಮಾರುವ ಅಗತ್ಯವಿಲ್ಲ. ಹಜ್ ಕಡ್ಡಾಯವಾಗುವುದು ‘ಇಸ್ತಿತಾಅತ್’, ಅಂದರೆ ಸಾಮರ್ಥ್ಯ ಇದ್ದವರಿಗೆ ಎಂದು ನಾವೆಲ್ಲ ಮದ್ರಸದಲ್ಲಿ ಕಲಿತಿದ್ದೇವೆ. ಆ ಸಾಮರ್ಥ್ಯವನ್ನು ಬಡವನು ಹಂತಹಂತವಾಗಿ ಕಟ್ಟಿಕೊಳ್ಳಲು ಆಗುತ್ತದೆ ಎನ್ನುವುದೇ ಈ ಯೋಜನೆಯ ತಿರುಳು.

1962ರಲ್ಲಿ ಅಲ್-ಅಝ್‌ಹರಿನ ಶೇಖ್ ಮಹ್ಮೂದ್ ಶಲ್ತೂತ್ ಮಲಯಕ್ಕೆ ಬಂದಿದ್ದಾಗ ಅವರ ಒಪ್ಪಿಗೆಯೂ ಸಿಕ್ಕಿತು. ಅದೇ ವರ್ಷ ಕಾನೂನು ಆಯಿತು. 1963ರ ಸೆಪ್ಟೆಂಬರ್ 30ರಂದು ಸಂಸ್ಥೆ ಕೆಲಸ ಶುರುಮಾಡಿತು. ಆ ಮೊದಲ ವರ್ಷ ದುಡ್ಡು ಇಟ್ಟವರು 1,281 ಮಂದಿ. ಒಟ್ಟು ಮೊತ್ತ 46,600 ರಿಂಗಿಟ್. ತಲೆಗೆ ಸುಮಾರು 36 ರಿಂಗಿಟ್ ಮಾತ್ರ!

1969ರಲ್ಲಿ ಈ ಉಳಿತಾಯ ಸಂಸ್ಥೆಯನ್ನೂ ಪೆನಾಂಗಿನಲ್ಲಿ 1951ರಿಂದ ಇದ್ದ ಹಜ್ ವ್ಯವಹಾರಗಳ ಕಚೇರಿಯನ್ನೂ ಒಟ್ಟು ಸೇರಿಸಿದರು. ದುಡ್ಡು ಕೂಡಿಸುವುದು, ಹೂಡುವುದು, ಹಜ್ಜಿಗೆ ಕರೆದೊಯ್ಯುವುದು, ತರಬೇತಿ, ವೈದ್ಯರು, ವಸತಿ ಎಲ್ಲವೂ ಒಂದೇ ಸೂರಿನ ಕೆಳಗೆ ಬಂತು. ಇಂದು ಅದರ ಹೆಸರು ‘ತಬುಂಗ್ ಹಾಜಿ’. ತಬುಂಗ್ ಎಂದರೆ ದುಡ್ಡು ಹಾಕಿಡುವ ಹುಂಡಿ, ನಿಧಿ. ಇದರಲ್ಲಿ ಖಾತೆ ಇರುವವರು 90 ಲಕ್ಷಕ್ಕೂ ಹೆಚ್ಚು, ಠೇವಣಿ 7,000 ಕೋಟಿ ರಿಂಗಿಟ್‌ಗೂ ಹೆಚ್ಚು. ಹುಟ್ಟಿದ ಮಗುವಿನ ಹೆಸರಿನಲ್ಲಿ ಖಾತೆ ತೆರೆಯುವುದು ಅಲ್ಲಿ ಮನೆಮನೆಯ ರೂಢಿ. ಕೌಲಾಲಂಪುರದಲ್ಲಿ ಹಿಜ್ಜಾಸ್ ಕಸ್ತೂರಿ ಎಂಬ ವಾಸ್ತುಶಿಲ್ಪಿ ಕಟ್ಟಿದ ಇದರ ಕೇಂದ್ರ ಕಚೇರಿ ದೊಡ್ಡ ಡೋಲಿನ ಆಕಾರದ್ದು. ಇಸ್ಲಾಮಿನ ಪಂಚ ಸ್ತಂಭಗಳ ನೆನಪಿಗೆ ಅದನ್ನು ಐದು ಕಂಬಗಳ ಮೇಲೆ ನಿಲ್ಲಿಸಿದ್ದಾರೆ.

ಈ ಅನುಭವದ ಬಲದಲ್ಲಿಯೇ 1983ರಲ್ಲಿ ಬಡ್ಡಿರಹಿತ ‘ಬ್ಯಾಂಕ್ ಇಸ್ಲಾಂ’ ಆರಂಭವಾಯಿತು. ಅದಕ್ಕೆ ಬಂಡವಾಳ ಹಾಕಿದವರಲ್ಲಿ ತಬುಂಗ್ ಹಾಜಿಯೂ ಒಂದು. ಮರುವರ್ಷ ‘ತಕಾಫುಲ್’ ವಿಮೆಗೆ ಕಾನೂನು ಬಂತು. ಇಂದು ಜಗತ್ತಿನ ಇಸ್ಲಾಮಿಕ್ ಹಣಕಾಸಿನ ಪ್ರಮುಖ ಕೇಂದ್ರಗಳಲ್ಲಿ ಮಲೇಷ್ಯಾ ಒಂದು. 2000ದಿಂದ 2016ರವರೆಗೆ ಆ ದೇಶದ ಕೇಂದ್ರ ಬ್ಯಾಂಕಿನ ಗವರ್ನರ್ ಆಗಿದ್ದವರು ಒಬ್ಬ ಮಹಿಳೆ, ಝೆತಿ ಅಖ್ತರ್ ಅಝೀಝ್. ಅವರು ಉಂಕು ಅಝೀಝರ ಮಗಳು.

ಭೂಮಿ, ಶಾಲೆ, ಸೂಲಗಿತ್ತಿ

ಉಳಿತಾಯ ಒಂದರಿಂದಲೇ ದೇಶ ಬೆಳೆಯುವುದಿಲ್ಲ. ಉಳಿಸಲು ಮೊದಲು ದುಡಿಮೆ ಬೇಕು, ದುಡಿಯಲು ಭೂಮಿಯೋ ವಿದ್ಯೆಯೋ ಬೇಕು.

1956ರಲ್ಲಿ ‘ಫೆಲ್ಡಾ’ ಎಂಬ ಭೂ ಅಭಿವೃದ್ಧಿ ಸಂಸ್ಥೆ ಹುಟ್ಟಿತು. ಭೂಮಿ ಇಲ್ಲದ ಕುಟುಂಬಗಳನ್ನು ಆರಿಸಿ, ಕಾಡು ಕಡಿದು ಮಾಡಿದ ಹೊಸ ವಸಾಹತುಗಳಿಗೆ ಕಳಿಸಿದರು. ಪ್ರತಿ ಕುಟುಂಬಕ್ಕೆ ಒಂದು ಮನೆ, ಸುಮಾರು 10 ಎಕರೆ ರಬ್ಬರ್ ಅಥವಾ ತಾಳೆ ಎಣ್ಣೆಯ ತೋಟ. ತೋಟದ ಖರ್ಚನ್ನು ಸಾಲವೆಂದು ಲೆಕ್ಕ ಹಿಡಿದು, ಬೆಳೆಯ ಹಣದಲ್ಲಿ ತಿಂಗಳು ತಿಂಗಳು ಮುರಿದುಕೊಳ್ಳುತ್ತಿದ್ದರು. ತೀರಿದ ಮೇಲೆ ಭೂಮಿ ಅವರದ್ದು. 1990ರಲ್ಲಿ ಹೊಸಬರನ್ನು ಸೇರಿಸುವುದು ನಿಲ್ಲುವ ಹೊತ್ತಿಗೆ 1,12,000ಕ್ಕೂ ಹೆಚ್ಚು ಕುಟುಂಬಗಳಿಗೆ ಹೀಗೆ ನೆಲೆ ಸಿಕ್ಕಿತ್ತು. ನಮ್ಮಲ್ಲಿ ಕೇರಳದ ಕಡೆಗೂ ಕರ್ನಾಟಕದ ಕಡೆಗೂ ಭೂ ಸುಧಾರಣೆ ಇದ್ದ ಗದ್ದೆಯನ್ನು ಒಡೆಯನಿಂದ ಗೇಣಿದಾರನಿಗೆ ಕೊಡಿಸಿತು. ಅಲ್ಲಿ ಹೊಸ ಭೂಮಿ ಮಾಡಿ ಕೊಟ್ಟರು. ಅದಕ್ಕಾಗಿ ದೊಡ್ಡ ದೊಡ್ಡ ಕಾಡುಗಳು ಹೋದವು ಎನ್ನುವುದನ್ನೂ ಮರೆಯಬಾರದು.

ಆರೋಗ್ಯದಲ್ಲಿ ಅವರು ಹಳ್ಳಿ ಹಳ್ಳಿಗೆ ಸಣ್ಣ ಕ್ಲಿನಿಕ್ ಮಾಡಿ ತರಬೇತಿ ಪಡೆದ ದಾದಿಯನ್ನು ಕೂರಿಸಿದರು. ‘ಬಿದಾನ್’ ಎನ್ನುವ ಊರಿನ ಸೂಲಗಿತ್ತಿಯರನ್ನು ಓಡಿಸದೆ, ಅವರ ಹೆಸರು ನೋಂದಾಯಿಸಿ, ಶುಚಿತ್ವ ಕಲಿಸಿ, ದಾದಿಯ ಜೊತೆಗೆ ಕೆಲಸಕ್ಕೆ ಹಚ್ಚಿದರು. ಸೂಲಗಿತ್ತಿಯ ಮೇಲೆ ತಾಯಂದಿರಿಗಿದ್ದ ನಂಬಿಕೆ ದಾದಿಯ ಮೇಲೂ ಬಂತು. ಸಾವಿರಕ್ಕೆ 75 ಇದ್ದ ಶಿಶು ಮರಣ ಇಂದು ಹತ್ತಕ್ಕಿಂತ ಕಡಿಮೆ.

ವಿದ್ಯೆಯಲ್ಲಿ 1966ರಲ್ಲಿ ಬಂದ ‘ಮಾರಾ’ ಸಂಸ್ಥೆ ಹಳ್ಳಿಯ ಮಕ್ಕಳಿಗೆ ವಿದ್ಯಾರ್ಥಿವೇತನ, ವಸತಿ ಶಾಲೆ, ತಾಂತ್ರಿಕ ಕಾಲೇಜುಗಳ ದಾರಿ ತೆರೆಯಿತು. ಸಾವಿರಾರು ಮಂದಿ ವಿದೇಶಗಳಿಗೆ ಓದಲು ಹೋದರು. ಇಂದು ಅಲ್ಲಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು.

1969 ಮತ್ತು ಅದರ ನಂತರ

ಇಷ್ಟೆಲ್ಲ ಸುಲಭವಾಗಿ ನಡೆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. 1969ರ ಮೇ 13ರಂದು, ಚುನಾವಣೆಯ ಬೆನ್ನಿಗೇ, ಕೌಲಾಲಂಪುರದಲ್ಲಿ ಮಲಯ ಮತ್ತು ಚೀನೀಯರ ನಡುವೆ ಗಲಭೆ ಎದ್ದಿತು. ಸರಕಾರಿ ಲೆಕ್ಕದಲ್ಲೇ 196 ಮಂದಿ ಸತ್ತರು. ಸಂಸತ್ತನ್ನು ಅಮಾನತಿನಲ್ಲಿಟ್ಟರು.

ಇದರ ನಂತರ 1971ರಲ್ಲಿ ಬಂದದ್ದು ‘ಹೊಸ ಆರ್ಥಿಕ ನೀತಿ’. ಅದರ ಗುರಿ ಎರಡು. ಜನಾಂಗ ನೋಡದೆ ಬಡತನ ಕಳೆಯುವುದು ಒಂದು. ಜನಾಂಗಕ್ಕೂ ಕಸುಬಿಗೂ ಇದ್ದ ಗಂಟು ಬಿಡಿಸುವುದು ಇನ್ನೊಂದು. 1970ರಲ್ಲಿ ಕಂಪೆನಿಗಳ ಷೇರು ಬಂಡವಾಳದಲ್ಲಿ ಮಲಯ ಮತ್ತು ಇತರ ಮೂಲನಿವಾಸಿಗಳ ಪಾಲು ಬರೀ ಶೇ. 2.4 ಇತ್ತು. ವಿದೇಶಿಯರ ಪಾಲು ಶೇ. 60ಕ್ಕೂ ಹೆಚ್ಚು. 1990ರೊಳಗೆ ತಮ್ಮ ಪಾಲು ಶೇ. 30 ಆಗಬೇಕು ಎಂದು ಹೊರಟವರು ಶೇ. 20ರ ಹತ್ತಿರ ತಲುಪಿದರು.

ಬಡತನ ಇಳಿದದ್ದು ನಿಜ. ಆದರೆ ಎಲ್ಲರಿಗೂ ಸಮನಾಗಿ ಅಲ್ಲ. ರಬ್ಬರ್ ತೋಟಗಳಲ್ಲಿ ತಲೆತಲಾಂತರದಿಂದ ದುಡಿದ ತಮಿಳು ಕೂಲಿಗಳಿಗೆ ಫೆಲ್ಡಾದ ಭೂಮಿ ಹೆಚ್ಚಾಗಿ ಸಿಗಲಿಲ್ಲ. ತೋಟಗಳು ಬಡಾವಣೆಗಳಾದಾಗ ಅವರು ಲೈನು ಮನೆಗಳಿಂದ ನಗರದ ಅಂಚಿನ ಗುಡಿಸಲುಗಳಿಗೆ ಬಂದು ಬಿದ್ದರು. 2007ರ ನವೆಂಬರಿನಲ್ಲಿ ಕೌಲಾಲಂಪುರದ ಬೀದಿಯಲ್ಲಿ ಸಾವಿರಾರು ಭಾರತೀಯ ಮೂಲದವರು ಸೇರಿ ಪ್ರತಿಭಟಿಸಿದ್ದು ಈ ನೋವಿನಿಂದಲೇ. ನಾವು ಅಲ್ಪಸಂಖ್ಯಾತರಾಗಿ ಬದುಕುವವರು. ಬಹುಸಂಖ್ಯಾತರಿಗಾಗಿ ಮಾಡಿದ ಏಳಿಗೆಯ ನೀತಿಯಲ್ಲಿ ಅಲ್ಪಸಂಖ್ಯಾತ ಬಡವ ಹೇಗೆ ಬಿಟ್ಟುಹೋಗುತ್ತಾನೆ ಎನ್ನುವುದನ್ನು, ಅಲ್ಲಿ ಬಹುಸಂಖ್ಯಾತರು ಮುಸ್ಲಿಮರೇ ಆಗಿದ್ದರೂ, ನಾವು ನೇರವಾಗಿ ನೋಡಬೇಕು.

ಪೆನಾಂಗಿನ ಹುಡುಗಿಯರು

1972ರಲ್ಲಿ ಪೆನಾಂಗಿನ ಬಾಯಾನ್ ಲೆಪಾಸ್‌ನಲ್ಲಿ ಮುಕ್ತ ವ್ಯಾಪಾರ ವಲಯ ಶುರುವಾಯಿತು. ಬಂದರಿನ ವ್ಯಾಪಾರ ಬಿದ್ದುಹೋಗಿ ನಿರುದ್ಯೋಗ ಏರಿದ್ದ ದ್ವೀಪ ಅದು. ಮುಖ್ಯಮಂತ್ರಿ ಲಿಂ ಚಾಂಗ್ ಯೂ ವಿದೇಶಿ ಕಂಪೆನಿಗಳನ್ನು ಕರೆತಂದರು. ಇಂಟೆಲ್, ಎಎಂಡಿ, ಹ್ಯೂಲೆಟ್ ಪ್ಯಾಕರ್ಡ್, ಬಾಷ್, ಹಿಟಾಚಿ ಮೊದಲು ಬಂದವರಲ್ಲಿ ಸೇರಿವೆ. ಇಂದು ನಮ್ಮ ಮನೆಯ ಕಂಪ್ಯೂಟರಿನೊಳಗಿನ ಚಿಪ್ ಪೆನಾಂಗಿನಲ್ಲಿ ಜೋಡಣೆಯಾದದ್ದು ಆಗಿರಬಹುದು.

ಆ ಫ್ಯಾಕ್ಟರಿಗಳಲ್ಲಿ ಸೂಕ್ಷ್ಮ ತಂತಿಗಳನ್ನು ಜೋಡಿಸಿದವರು ಹೆಚ್ಚಾಗಿ ಹದಿನೆಂಟು ಇಪ್ಪತ್ತರ ಪ್ರಾಯದ ಮಲಯ ಹುಡುಗಿಯರು. ಹಳ್ಳಿಯಿಂದ ಮೊದಲ ಬಾರಿ ಹೊರಬಂದು, ಬಾಡಿಗೆ ಕೋಣೆಯಲ್ಲಿದ್ದು, ರಾತ್ರಿ ಪಾಳಿಯಲ್ಲಿ ದುಡಿದು, ತಿಂಗಳ ಕೊನೆಗೆ ಮನೆಗೆ ದುಡ್ಡು ಕಳಿಸಿದವರು. ಆ ದುಡ್ಡಿನಲ್ಲಿ ತಮ್ಮಂದಿರ ಓದು, ಮನೆಯ ಮಾಡು ಎಲ್ಲ ಆಯಿತು. ಸಮಾಜ ಮಾತ್ರ ಅವರಿಗೆ ‘ಮೀನಾ ಕರನ್’ ಎಂಬ ಅಡ್ಡ ಹೆಸರಿಟ್ಟು ಹೀಯಾಳಿಸಿತು. ಕರನ್ ಎಂದರೆ ಕರೆಂಟು. ಫ್ಯಾಕ್ಟರಿಗೆ ಹೋಗುವ ಹೆಣ್ಣು ಕೆಟ್ಟವಳು ಎಂಬ ಮಾತು ವರ್ಷಗಟ್ಟಲೆ ನಡೆಯಿತು. ಆಂತ್ರಪಾಲಜಿಸ್ಟ್ ಐವಾ ಓಂಗ್ 1987ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥ ಹುಡುಗಿಯರ ಬದುಕನ್ನು, ಕಂಪೆನಿಯ ಒತ್ತಡದಲ್ಲಿ ಅವರು ಕಿರುಚಿ ಮೂರ್ಛೆ ಹೋಗುತ್ತಿದ್ದ ಪ್ರಸಂಗಗಳನ್ನು ವಿವರವಾಗಿ ಬರೆದಿದ್ದಾರೆ. ದೇಶದ ರಫ್ತಿನ ಲೆಕ್ಕ ಬೆಳೆದದ್ದು ಇವರ ಕಣ್ಣು ಮತ್ತು ಬೆರಳುಗಳಿಂದ. ನಮ್ಮ ಕಡೆ ಬೀಡಿ ಸುರುಟಿ ಮನೆ ನಡೆಸಿದ ಉಮ್ಮಂದಿರನ್ನು ನೆನೆದರೆ ಈ ಮಾತು ಬೇಗ ಅರ್ಥವಾಗುತ್ತದೆ. ದುಡಿಮೆಯ ದುಡ್ಡು ಎಲ್ಲರಿಗೂ ಬೇಕು, ದುಡಿದವಳ ಹೆಸರು ಯಾರಿಗೂ ಬೇಡ.

ಲೆಕ್ಕ ತಪ್ಪಿದಾಗ

ಈಗ ಕಥೆಯ ಇನ್ನೊಂದು ಮುಖ. ದುಡ್ಡು ಬೆಳೆದ ಹಾಗೆ ಅದರ ಮೇಲೆ ಕಣ್ಣಿಡುವವರೂ ಬೆಳೆಯುತ್ತಾರೆ.

2012ರಲ್ಲಿ ಫೆಲ್ಡಾದ ವ್ಯಾಪಾರ ವಿಭಾಗವನ್ನು ಷೇರು ಮಾರುಕಟ್ಟೆಗೆ ತಂದರು. ಆ ವರ್ಷ ಜಗತ್ತಿನಲ್ಲೇ ಅತಿ ದೊಡ್ಡ ಷೇರು ಬಿಡುಗಡೆಗಳಲ್ಲಿ ಅದು ಒಂದು. 4.55 ರಿಂಗಿಟ್‌ಗೆ ಮಾರಿದ ಷೇರು ಕೆಲವೇ ವರ್ಷಗಳಲ್ಲಿ ನೆಲಕಚ್ಚಿತು. ತೋಟದ ಕುಟುಂಬಗಳು ಸಾಲ ಮಾಡಿ ಕೊಂಡ ಷೇರುಗಳಲ್ಲಿ ನಷ್ಟ ಅನುಭವಿಸಿದವು.

ತಬುಂಗ್ ಹಾಜಿಯಲ್ಲಿ ಆದದ್ದು ಇನ್ನೂ ಗಂಭೀರ. 2018ರಲ್ಲಿ ಸರಕಾರ ಬದಲಾದ ಮೇಲೆ ಲೆಕ್ಕ ತೆಗೆದು ನೋಡಿದಾಗ, 2017ರ ಕೊನೆಗೆ ಸಂಸ್ಥೆಯ ಆಸ್ತಿಗಿಂತ ಅದು ಜನರಿಗೆ ಕೊಡಬೇಕಾದದ್ದು ಸುಮಾರು 410 ಕೋಟಿ ರಿಂಗಿಟ್ ಹೆಚ್ಚಿತ್ತು. ಆಸ್ತಿ ಕಡಿಮೆ ಇದ್ದಾಗ ಲಾಭ ಹಂಚಬಾರದು ಎಂದು ಸಂಸ್ಥೆಯ ಕಾನೂನಿನಲ್ಲೇ ಇತ್ತು. ಆದರೂ ವರ್ಷ ವರ್ಷ ಆಕರ್ಷಕ ಲಾಭಾಂಶ ಹಂಚಿದ್ದರು. ಹಜ್ಜಿನ ಖರ್ಚಿನ ಸಹಾಯಧನವೂ ಬೆಳೆಯುತ್ತಲೇ ಇತ್ತು. ನಿಜ ಖರ್ಚು ಏರುತ್ತಿದ್ದರೂ 2009ರಿಂದ ಮೊದಲ ಸಲ ಹಜ್ಜಿಗೆ ಹೋಗುವವನಿಂದ 9,980 ರಿಂಗಿಟ್ ಮಾತ್ರ ತೆಗೆದುಕೊಳ್ಳುತ್ತಿದ್ದರು. ಕೊನೆಗೆ ಸರಕಾರ ಒಂದು ಕಂಪೆನಿ ಮಾಡಿ, 1,990 ಕೋಟಿ ರಿಂಗಿಟ್ ಮೌಲ್ಯಕ್ಕೆ ಬೆಲೆ ಬಿದ್ದ ಆಸ್ತಿಗಳನ್ನು ಅದಕ್ಕೆ ವರ್ಗಾಯಿಸಿ ಸಂಸ್ಥೆಯನ್ನು ಉಳಿಸಿತು. ಠೇವಣಿಗೆ ಸರಕಾರದ ಖಾತರಿ ಇದ್ದುದರಿಂದ ಜನರ ಅಸಲು ಉಳಿಯಿತು. ಆ ವರ್ಷದ ಲಾಭಾಂಶ ಶೇ. 1.25ಕ್ಕೆ ಇಳಿಯಿತು.

ಇನ್ನೊಂದು ವಿಪರ್ಯಾಸವಿದೆ. ಉಳಿತಾಯ ಎಷ್ಟು ಯಶಸ್ವಿಯಾಯಿತು ಎಂದರೆ ಹಜ್ಜಿಗೆ ದುಡ್ಡು ಇರುವವರು ಲಕ್ಷ ಲಕ್ಷ ಮಂದಿ ಆದರು. ಆದರೆ ಸೌದಿ ಸರಕಾರ ಕೊಡುವ ಕೋಟಾ ವರ್ಷಕ್ಕೆ 31,600ರಷ್ಟು. ಹೀಗಾಗಿ ಇಂದು ಹೊಸದಾಗಿ ಹೆಸರು ಬರೆಸಿದವರ ಸರದಿ ಬರಲು ನೂರು ವರ್ಷ ಮೀರುತ್ತದೆ! ದುಡ್ಡಿನ ಬಾಗಿಲು ತೆರೆದರು, ದಾರಿಯ ಬಾಗಿಲು ಕಿರಿದಾಯಿತು.

ಬಡತನದ ಲೆಕ್ಕದಲ್ಲೂ ಇಂಥದೇ ಪಾಠ ಆಯಿತು. 2019ರಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಫಿಲಿಪ್ ಆಲ್ಸ್‌ಟನ್ ಅಲ್ಲಿಗೆ ಹೋಗಿ, ತಿಂಗಳಿಗೆ 980 ರಿಂಗಿಟ್ ಎಂಬ ಹಳೆಯ ರೇಖೆ ಇಟ್ಟುಕೊಂಡು ಬಡತನವೇ ಇಲ್ಲ ಎನ್ನುವುದು ಸರಿಯಲ್ಲ ಎಂದರು. ಮರುವರ್ಷ ಸರಕಾರ ರೇಖೆಯನ್ನು 2,208 ರಿಂಗಿಟ್‌ಗೆ ಏರಿಸಿತು. ಶೇ. 0.4 ಇದ್ದ ಬಡತನ ಶೇ. 5.6 ಆಯಿತು. ಕಾಲಕ್ಕೆ ತಕ್ಕಂತೆ ಮತ್ತೆ ಮನೆಗೆ ಹೋಗಿ ಎಣಿಸಬೇಕು ಎಂಬುದನ್ನು ಸರೋಂಗ್ ಎಣಿಸಿದವರ ನಾಡೇ ಮರೆತಿತ್ತು.

ನಮ್ಮ ಜಮಾಅತ್‌ಗಳಿಗೆ

ಸಣ್ಣ ಉಳಿತಾಯ ನಮ್ಮ ಕರಾವಳಿಗೆ ಹೊಸತಲ್ಲ. 1906ರಲ್ಲಿ ಉಡುಪಿಯ ವರ್ತಕ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರ ಮುಂದಾಳುತನದಲ್ಲಿ 5,000 ರೂಪಾಯಿ ಬಂಡವಾಳದಿಂದ ಶುರುವಾದದ್ದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಲ್ಲಿ ಪಿಗ್ಮಿ ಕಟ್ಟಿಸಿಕೊಂಡರು. ಗೂಡಂಗಡಿಯವನು, ಮೀನು ಮಾರುವವನು ಕೂಡ ಖಾತೆದಾರನಾದ. ಆದರೆ ಬಡ್ಡಿಯ ಅಂಜಿಕೆಯಿಂದ ದೂರ ಉಳಿದ ನಮ್ಮ ಎಷ್ಟೋ ಮನೆಗಳ ದುಡ್ಡು ಚಿನ್ನದಲ್ಲಿ, ಕಪಾಟಿನಲ್ಲಿ, ಕಲ್ಲು ಸಿಮೆಂಟಿನಲ್ಲಿ ಕೂತಿತು. ಗಲ್ಫಿನಿಂದ ಬಂದ ದುಡ್ಡಿನದ್ದೂ ಹೆಚ್ಚಾಗಿ ಇದೇ ಹಾದಿ. 2018ರ ಆರಂಭದಲ್ಲಿ ಭಾರತ ಸರಕಾರ ಹಜ್ ಸಬ್ಸಿಡಿ ನಿಲ್ಲಿಸಿದಾಗ ನಾವು ಅದರ ಪರ ವಿರೋಧ ಬಹಳ ಮಾತಾಡಿದೆವು. ಹಜ್ಜಿನ ದುಡ್ಡನ್ನು ಹಲಾಲ್ ಆಗಿ ದುಡಿಸುವ ದಾರಿ ಯಾವುದು ಎಂದು ಅಷ್ಟು ಮಾತಾಡಲಿಲ್ಲ.

ಮಲೇಷ್ಯಾದ ಹಾಗೆ ಸರಕಾರವೇ ಮುಂದೆ ನಿಲ್ಲುವುದು ನಮ್ಮಲ್ಲಿ ಆಗದು. ಅಲ್ಲಿನ ತಪ್ಪುಗಳನ್ನು ನೋಡಿದರೆ ಅದನ್ನೇ ನಕಲು ಮಾಡಬೇಕೆಂದೂ ಇಲ್ಲ. ಆದರೆ ಆ ಪ್ರಾಧ್ಯಾಪಕರು ಮಾಡಿದ ಮೊದಲ ಕೆಲಸ ಯಾವ ಜಮಾಅತ್‌ಗೂ ಸಾಧ್ಯ. ಅವರು ಭಾಷಣಕ್ಕಿಂತ ಮೊದಲು ಮನೆಮನೆಯಲ್ಲಿ ಎಣಿಸಿದರು. ನಮ್ಮ ಮೊಹಲ್ಲಾದಲ್ಲಿ ಸಾಲದಲ್ಲಿರುವ ಮನೆ ಎಷ್ಟು, ಚಿನ್ನ ಅಡವಿಟ್ಟವರು ಎಷ್ಟು, ಹತ್ತನೆಯ ನಂತರ ಓದು ಬಿಟ್ಟ ಹೆಣ್ಣುಮಕ್ಕಳು ಎಷ್ಟು, ಹಜ್ಜಿನ ಆಸೆಯಿಂದ ಜಾಗ ಮಾರಲು ಹೊರಟವರು ಎಷ್ಟು? ಝಕಾತ್ ಪಡೆಯುವವರ ಪಟ್ಟಿ ಬಹಳ ಕಡೆ ಇದೆ, ಈ ಲೆಕ್ಕ ಇರುವ ಕಡೆ ಕಡಿಮೆ.

ಎಣಿಸಿದ ಮೇಲೆ ಉಳಿಯುವುದು ಎರಡು ಕೆಲಸ. ಕೂಡಿದ ದುಡ್ಡು ಯಾರ ಕೈಯಲ್ಲಿ, ಯಾವ ಕೆಲಸದಲ್ಲಿದೆ ಎಂದು ಬರೆದಿಡುವುದು ಒಂದು. ವರ್ಷಕ್ಕೊಮ್ಮೆ ಜುಮುಆದ ನಂತರ ಅದನ್ನು ಎಲ್ಲರೆದುರು ಓದಿ ಹೇಳುವುದು, ಲಾಭವಿಲ್ಲದ ವರ್ಷ "ಈ ಸಲ ಲಾಭವಿಲ್ಲ" ಎಂದು ಹೇಳುವುದು ಇನ್ನೊಂದು. ತಬುಂಗ್ ಹಾಜಿ 36 ರಿಂಗಿಟ್‌ನಿಂದ ಬೆಳೆದದ್ದು ಮೊದಲನೆಯದರಿಂದ. ಅದು ಮುಗ್ಗರಿಸಿದ್ದು ಎರಡನೆಯದನ್ನು ಬಿಟ್ಟದ್ದರಿಂದ.